ಮೇಡಮ್ಮು ಕೊಟ್ಟ ರಜಾಯಿ

ಹುಚ್ಚಕ್ಕನಿಗೆ ಓದು ಬರಹ ಬರುವುದಿಲ್ಲ. ಆದರೂ ಕೂಸಿನ ಕೋಣೆಯ ಗೋಡೆಗೆ ಸೊಸೆ ಸರಿತಾ ಅಂಟಿಸಿದ್ದ ಚೀಟಿಯಲ್ಲಿ ಏನೇನಿದೆ ಎನ್ನುವುದು ಆಕೆಗೆ ಬಾಯಿಪಾಠವಾಗಿತ್ತು. ಆಗದೆ ಇನ್ನೇನು, ಅದರಲ್ಲಿದ್ದದ್ದೆಲ್ಲ ಆಕೆಯ ಸಾಮಾನೇ! ಕಂಬಳಿ ಬೇಡ. ಸಾಂಬ್ರಾಣಿ ಹೊಗೆ ಬೇಡ. ಆಡುಮರಿ ಹೊಸಿಲು ದಾಟಬಾರದು. ಶೇಂಗಾ ಚೀಲ ಆಚೆ ಇಡಬೇಕು. ಹಳೇ ಬಟ್ಟೆಯ ಕೌದಿ ಬೇಡ. ಒಣ ಪೊರಕೆ ಆಡಿಸಬಾರದು, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಬೇಕು. ಕೂಸನ್ನು ಎತ್ತಿಕೊಳ್ಳುವ ಮುಂಚೆ ಕೈ ತೊಳೆಯಬೇಕು, ಸೀರೆ ಬದಲಾಯಿಸಬೇಕು. ಅಲ್ಲ, ಅತ್ತೆಯೇ ಬೇಡ ಅಂತ ಒಂದೇ ಸಾಲು ಬರೆದಿದ್ದರೆ ಕಾಗದವಾದರೂ ಉಳಿಯುತ್ತಿತ್ತಲ್ಲ ಎಂದು ಹುಚ್ಚಕ್ಕ ಪಕ್ಕದ ಮನೆಯ ಚಿಕ್ಕಕ್ಕನ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದಳು.

ಚೀಟಿ ಸರಿತಾಳ ಸ್ವಂತದ್ದಲ್ಲ, ಚಳ್ಳಕೆರೆಯ ಮಕ್ಕಳ ಡಾಕ್ಟರಮ್ಮ ಹೇಳಿ ಬರೆಸಿದ್ದು. ಕೂಸಿಗೆ ಏಳು ತಿಂಗಳು. ಕಾಗದದಲ್ಲಿ ಅದರ ಹೆಸರು ಧನ್ವಿಕಾ, ಹುಚ್ಚಕ್ಕನ ಬಾಯಲ್ಲಿ ಪಾಲಮ್ಮ. ಹುಟ್ಟಿದಾಗ ಗುಂಡಗೆ ಚೆಂದಾಗಿದ್ದ ಮಗು ಮೂರು ತಿಂಗಳು ತುಂಬಿದ ಮೇಲೆ ಕೆನ್ನೆಯೆಲ್ಲ ಕೆಂಪಗೆ ಮಾಡಿಕೊಂಡು ಕೆರೆದುಕೊಳ್ಳತೊಡಗಿತು. ಆಮೇಲೆ ಮೂಗು ಸೋರಿತು. ಆಮೇಲೆ ಎದೆಯೊಳಗೆ ಬೆಕ್ಕು ಗುರುಗುಟ್ಟಿದ ಹಾಗೆ ಸದ್ದು. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿತ್ತು. ಅದನ್ನು ನೋಡಿಕೊಂಡು ಯಾವ ಹೆಂಗಸಿನ ಗಂಟಲಲ್ಲಿ ಮುದ್ದೆ ಇಳಿದೀತು ಹೇಳಿ. ಹುಚ್ಚಕ್ಕ ಅರ್ಧ ತಟ್ಟೆ ಬಿಟ್ಟೇ ಏಳುತ್ತಿದ್ದಳು.

ಆವತ್ತು ಡಾಕ್ಟರಮ್ಮನ ಮುಂದೆ ಮೂವರೂ ಕೂತಿದ್ದರು. ಹುಚ್ಚಕ್ಕ, ಮಗ ದುರುಗೇಶ್, ಸರಿತಾ. ಡಾಕ್ಟರಮ್ಮ ಒಂದೊಂದಾಗಿ ಕೇಳುತ್ತಿದ್ದರು. ಕೂಸಿನ ಮೈಗೆ ಆಗದ್ದು ಯಾವುದೋ ಒಂದು ಮನೆಯಲ್ಲೇ ಇದೆ, ಅದು ಸಿಗುವ ತನಕ ಎಲ್ಲವನ್ನೂ ತೆಗೆಯಬೇಕು ಎನ್ನುವುದು ಅವರ ಮಾತು. ಕಂಬಳಿ ಇದೆಯಾ, ಇದೆ. ಆಡು ಇದೆಯಾ, ಇದೆ. ಹೊಗೆ ಹಾಕ್ತೀರಾ, ದಿನಾ. ಕೊನೆಗೆ ಅವರು, "ಮನೇಲಿ ಕೋಳಿ ಸಾಕಿದೀರಾ? ಹಕ್ಕಿ ಪುಕ್ಕ, ಗಿಕ್ಕ ಏನಾದ್ರೂ?" ಎಂದರು.

ಹುಚ್ಚಕ್ಕ ಕೂತಲ್ಲೇ ನೆಟ್ಟಗಾದಳು.

"ಡಾಕ್ಟ್ರಮ್ಮ, ನಾವು ಮ್ಯಾಸ ನಾಯಕ್ರು. ನಮ್ಮ ಹಟ್ಯಾಗೆ ಕೋಳಿ ಕೂಗಲ್ಲ. ತಿನ್ನದು ಅತ್ಲಾಗಿರ್ಲಿ, ಮುಟ್ಟದೂ ಇಲ್ಲ. ಅಂಗನವಾಡ್ಯಾಗೆ ಮೊಟ್ಟೆ ಕೊಡ್ತೀವಿ ಅಂದ್ರೆ ಬಾಳೆಹಣ್ಣು ಕೊಡ್ರಿ ಅಂತ ಇಸ್ಕಂಬರೋ ಮಂದಿ ನಾವು. ಎಪ್ಪತ್ತು ತಲೆಮಾರಿಂದ ನಮ್ಮ ಹೊಸ್ಲು ಒಂದು ಪುಕ್ಕ ಕಂಡಿಲ್ಲ."

ದುರುಗೇಶ್ ನಕ್ಕ. ಸರಿತಾ ಕೂಡ ನಕ್ಕಳು. ಅತ್ತೆ ಸೊಸೆ ಒಟ್ಟಿಗೆ ಒಂದೇ ಮಾತಿಗೆ ತಲೆಯಾಡಿಸಿದ್ದು ಆ ತಿಂಗಳಲ್ಲಿ ಅದೊಂದೇ ಸಲ. ಡಾಕ್ಟರಮ್ಮ ಸರಿ ಎಂದು ಆ ಸಾಲಿನ ಮೇಲೆ ಪೆನ್ನು ಎಳೆದರು.

ಮನೆಗೆ ಬಂದ ದಿನವೇ ಸರಿತಾ ಸೆರಗು ಸಿಕ್ಕಿಸಿದಳು. ಮೊದಲು ಕಾಳುಕಡ್ಡಿ ತುಂಬುತ್ತಿದ್ದ ಆ ಕೋಣೆಗೆ ದುರುಗೇಶ್ ಸುಣ್ಣ ಬಳಿದು, ಕಿಟಕಿಗೆ ಸೊಳ್ಳೆ ಜಾಲರಿ ಹೊಡೆದು ಕೂಸಿನ ಕೋಣೆ ಮಾಡಿದ್ದ. ಅಲ್ಲಿಂದ ಹುಚ್ಚಕ್ಕನ ಕರಿಕಂಬಳಿ ಆಚೆ ಬಂತು. ಕೌದಿ ಬಂತು. ಧೂಪದ ಮಡಕೆ ಬಂತು. ಬೊಂಬೆ, ಪೌಡರಿನ ಡಬ್ಬಿ, ಗೋಡೆಗೆ ನೇತುಹಾಕಿದ್ದ ಗೋಣಿತಾಟು, ಎಲ್ಲವೂ ಅಂಗಳಕ್ಕೆ ಬಿದ್ದವು. ಆಡುಗಳು ಚಿಕ್ಕಕ್ಕನ ಹಿತ್ತಲಿಗೆ ಹೋದವು. ಹುಚ್ಚಕ್ಕನ ಹಾಸಿಗೆ ಪಡಸಾಲೆಗೆ ಬಂತು. ಹಟ್ಟಿಯ ಹೆಂಗಸರೆಲ್ಲ ನಿಂತು ನೋಡುತ್ತಿದ್ದರು. ಬದುಕಿದ್ದಾಗಲೇ ತಿಥಿ ಮಾಡಿದ ಹಾಗಾಯಿತು ಎಂದು ಹುಚ್ಚಕ್ಕನಿಗೆ ಹೊಟ್ಟೆ ಉರಿಯಿತು.

ಉಳಿದದ್ದು ಒಂದೇ. ಹಾಸಲಿಕ್ಕೂ ಹೊದೆಯಲಿಕ್ಕೂ ಆಗುವ ಆ ಬಿಳಿ ರಜಾಯಿ, ಅದರ ಜೊತೆಯ ಪುಟ್ಟ ದಿಂಬು.

ಅದರ ಕಥೆಯನ್ನೂ ಹೇಳಿಬಿಡಬೇಕು. ಹುಚ್ಚಕ್ಕ ದಿನಾ ಬೆಳಿಗ್ಗೆ ಉಳ್ಳಾರ್ತಿ ಕಾವಲಿನ ಅಂಚಿನಲ್ಲಿ ಹೊಸದಾಗಿ ಎದ್ದ ಒಂದು ಕ್ಯಾಂಪಸ್ಸಿನ ಕ್ವಾರ್ಟರ್ಸಿಗೆ ಕಸ ಗುಡಿಸಲು ಹೋಗುತ್ತಿದ್ದಳು. ದುರುಗೇಶ್ ಅದೇ ಕ್ಯಾಂಪಸ್ಸಿನ ಗೇಟಿನಲ್ಲಿ ವಾಚ್‌ಮನ್. ಅಲ್ಲಿ ಉತ್ತರದ ಕಡೆಯ ಒಬ್ಬ ಮೇಡಮ್ಮು ಇದ್ದರು. ಅವರಿಗೆ ವರ್ಗ ಆಯಿತು. ಸಾಮಾನು ಕಟ್ಟುವಾಗ ಬೀರುವಿನಿಂದ ಈ ಜೋಡಿ ತೆಗೆದು, ನಿನ್ನ ಮೊಮ್ಮಗೂಗೆ ತಗೋ, ನನ್ನ ಮಗ ಮಲಗಿದ್ದು, ಭಾರೀ ಬೆಲೆದು, ಫಾರಿನ್‌ದು ಎಂದು ಅರ್ಧ ಹಿಂದಿಯಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿಕೊಟ್ಟರು. ಹುಚ್ಚಕ್ಕ ಅದನ್ನು ತಲೆಯ ಮೇಲಿಟ್ಟುಕೊಂಡು ಹಟ್ಟಿಯ ನಡುವೆಯೇ ಬಂದಳು. ಹಿಂದಿನ ದಾರಿ ಹತ್ತಿರ, ಆದರೆ ಆ ದಾರಿಯಲ್ಲಿ ನೋಡುವವರು ಯಾರು? ಚಿಕ್ಕಕ್ಕ ಒತ್ತಿ ನೋಡಿದಳು. ಒತ್ತಿದರೆ ಕುಸಿಯಿತು, ಬಿಟ್ಟರೆ ಉಬ್ಬಿತು.

"ಏನೇ ಇದು, ಒಳಗೆ ಮೋಡ ತುಂಬವ್ರೇನೇ?"

"ಫಾರಿನ್ ಹತ್ತಿ ಕಣೇ. ನಮ್ಮ ಹತ್ತಿ ಇಷ್ಟು ಹಗುರ ಇರ್ತೈತಾ?"

ಯಾರೂ ಬಿಚ್ಚಿ ನೋಡಲಿಲ್ಲ. ನೋಡುವುದಾದರೂ ಯಾಕೆ? ಅಂಚಿಗೆ ಹೊಲಿದಿದ್ದ ಪುಟ್ಟ ಚೀಟಿ ತೊಳೆದು ತೊಳೆದು ಬೆಳ್ಳಗಾಗಿತ್ತು, ಅಕ್ಷರವೇ ಇರಲಿಲ್ಲ. ಆಗ ಕೂಸಿಗೆ ಮೂರು ತಿಂಗಳು.

ಕೋಣೆ ಖಾಲಿ ಮಾಡಿದ ದಿನ ಸರಿತಾ ಆ ರಜಾಯಿಯ ಮೇಲುಗವುಸು ಬಿಚ್ಚಿ, ಬಿಸಿನೀರಲ್ಲಿ ಒಗೆದು, ಮತ್ತೆ ಹಾಕಿ, "ಅತ್ತೆ, ನಿಮ್ಮ ಸಾಮಾನ್ನಾಗೆ ಇದೊಂದೇ ಚೊಕ್ಕ ಇರೋದು" ಎಂದಳು. ಹುಚ್ಚಕ್ಕನಿಗೆ ಅಷ್ಟು ಸಿಟ್ಟಿನಲ್ಲೂ ಒಳಗೊಳಗೆ ಖುಷಿಯಾಯಿತು. ಕಂಬಳಿ ಹೋದರೆ ಹೋಯಿತು, ನಾನು ತಂದದ್ದರ ಮೇಲೇ ಕೂಸು ಮಲಗೋದು ಎಂದು ಸಮಾಧಾನ ಮಾಡಿಕೊಂಡಳು.

ಕೂಸು ಹುಷಾರಾಗಲಿಲ್ಲ. ಮೊದಲು ಕೌದಿ, ಕಂಬಳಿ, ಮಡಿಲು ಅಂತ ಹತ್ತು ಕಡೆ ಮಲಗುತ್ತಿತ್ತು, ಈಗ ಹಗಲೂ ರಾತ್ರಿ ಆ ಒಂದರ ಮೇಲೇ. ಗುರುಗುರು ಇನ್ನೂ ಜೋರಾಯಿತು. ಹುಚ್ಚಕ್ಕ ತಡೆಯಲಾರದೆ ಒಂದು ಮಧ್ಯಾಹ್ನ ಸೊಸೆ ಸ್ನಾನಕ್ಕೆ ಹೋದಾಗ ಚೂರು ಸಾಂಬ್ರಾಣಿ ಕೆಂಡಕ್ಕೆ ಹಾಕಿ ಹೊಗೆ ತೋರಿಸಿದಳು. ಒದ್ದೆ ಕೂದಲಲ್ಲೇ ಓಡಿಬಂದ ಸರಿತಾ ಬಾಯಿಗೆ ಬಂದದ್ದು ಅಂದಳು. ಹುಚ್ಚಕ್ಕನೇನು ಸುಮ್ಮನಿರುವ ಹೆಂಗಸೇ? ಅವಳೂ ಅಂದಳು. ಮಾರನೆಯ ಬೆಳಿಗ್ಗೆ ಸರಿತಾ ಚೀಲ ಕಟ್ಟಿದಳು.

"ನನ್ನ ಕೂಸಿಗೆ ಉಸಿರಾಡಕ್ಕೆ ಜಾಗ ಬೇಕು. ನಮ್ಮಪ್ಪನ ಮನ್ಯಾಗಿರ್ತೀನಿ" ಎಂದು ಮೊಳಕಾಲ್ಮೂರಿನ ಬಸ್ಸು ಹತ್ತಿದಳು. ರಜಾಯಿ ಚೀಲದಲ್ಲಿ ಹೋಯಿತು. ದಿಂಬು ಹಿತ್ತಲ ಗೋಡೆಯ ಮೇಲೆ ಬಿಸಿಲಿಗಿಟ್ಟಿದ್ದು ಮರೆತು ಉಳಿಯಿತು.

ಇದಾಗಿ ನಾಲ್ಕನೆಯ ದಿನ. ಕ್ಯಾಂಪಸ್ಸಿಗೆ ರಜೆ ಹೇಳಿ ಹುಚ್ಚಕ್ಕ ಮನೆಯೆಲ್ಲ ತೊಳೆಯಲು ನಿಂತಳು. ಸಿಟ್ಟು ಇಳಿದಿತ್ತು, ಕೂಸಿಲ್ಲದ ಮನೆ ಕಚ್ಚಲು ಬರುತ್ತಿತ್ತು. ಚೀಟಿಯಲ್ಲಿರುವುದನ್ನೆಲ್ಲ ಮಾಡಿ ತೋರಿಸಿ, ನೋಡಮ್ಮ ಈಗ ಬಾ ಎಂದು ಕರೆಯಬೇಕು ಎಂಬುದು ಅವಳ ಲೆಕ್ಕ. ನೆಲ ಒರೆಸಿದಳು. ಕಿಟಕಿ ಜಾಲರಿ ತಿಕ್ಕಿದಳು. ಒಗೆಯುವುದು ಏನಿದ್ದರೂ ಕುದಿಯುವ ನೀರಲ್ಲಿ ಅದ್ದಬೇಕೆಂದು ಡಾಕ್ಟರಮ್ಮ ಹೇಳಿದ್ದು ನೆನಪಾಗಿ, ಹಂಡೆಯಲ್ಲಿ ನೀರು ಕಾಯಿಸಿ ಬಕೆಟ್ಟಿಗೆ ಸುರಿದಳು. ಸರಿತಾ ಗವುಸನ್ನಷ್ಟೇ ಒಗೆಯುತ್ತಿದ್ದಳು. ನಾನು ಇಡೀ ದಿಂಬನ್ನೇ ತೊಳೀತೀನಿ, ನೋಡ್ಲಿ ಎಂದುಕೊಂಡು ಅದನ್ನು ನೀರಿಗೆ ಒತ್ತಿದಳು.

ಒತ್ತಿದ್ದೇ ತಡ, ವಾಸನೆ ಎದ್ದಿತು.

ಹುಚ್ಚಕ್ಕ ಗಕ್ಕನೆ ಹಿಂದೆ ಸರಿದಳು. ಎಂಥ ವಾಸನೆ ಅದು? ಹಸಿ ಹಸಿ, ಕಮಟು ಕಮಟು. ಎಲ್ಲೋ ಮೂಗಿಗೆ ಬಡಿದದ್ದು. ಎಲ್ಲಿ? ಚಳ್ಳಕೆರೆ ಬಜಾರಿನಲ್ಲಿ ಬಾಬಾ ಜಾನ್‌ನ ಕೋಳಿ ಅಂಗಡಿಯ ಮುಂದೆ! ಅಲ್ಲಿ ಕುದಿಯುವ ಡ್ರಮ್ಮಿಗೆ ಕೋಳಿ ಅದ್ದಿ ಪುಕ್ಕ ಕೀಳುವಾಗ ಬರುವ ವಾಸನೆ. ಆ ಅಂಗಡಿ ಬಂತೆಂದರೆ ಹುಚ್ಚಕ್ಕ ರಸ್ತೆಯ ಆಚೆ ಮಗ್ಗುಲಿಗೆ ದಾಟಿ, ಸೆರಗು ಮೂಗಿಗೆ ಹಿಡಿದು, ಅಷ್ಟು ದೂರ ಉಸಿರು ಕಟ್ಟಿಕೊಂಡೇ ನಡೆಯುತ್ತಿದ್ದಳು. ಅದು ಇಲ್ಲಿಗೆ ಹೇಗೆ ಬಂತು?

ಕೋಲಿನಿಂದ ದಿಂಬನ್ನು ಎತ್ತಿದಳು. ಹಳೇ ಹೊಲಿಗೆ ಬಿಸಿಗೆ ಬಿಟ್ಟುಕೊಂಡಿತು. ಒಳಗಿಂದ ಬೆಳ್ಳಗೆ ಏನೋ ಜಾರಿ ಬಕೆಟ್ಟಿನ ತುಂಬ ತೇಲಿತು. ಹತ್ತಿ ಅಲ್ಲ. ನಡುವೆ ಕಡ್ಡಿ ಇದ್ದದ್ದು, ಕಡ್ಡಿಯ ಎರಡೂ ಕಡೆ ಕೂದಲು ಕೂದಲಾಗಿದ್ದದ್ದು. ಒಂದು ಅವಳ ಮುಂಗೈಗೆ ಅಂಟಿತು.

ಪುಕ್ಕ.

"ಅಯ್ಯಯ್ಯೋ! ಅಯ್ಯಯ್ಯಪ್ಪೋ!"

ಕೈ ಕೊಡವಿದಳು, ಹೋಗಲಿಲ್ಲ. ಕಲ್ಲಿಗೆ ಉಜ್ಜಿದಳು. ಬಚ್ಚಲ ಕಲ್ಲಿನ ಮೇಲೆ ಕುಸಿದು ಕೂತಳು. ಕೋಳಿ ಪುಕ್ಕ! ಮ್ಯಾಸ ನಾಯಕರ ಮನೆಯೊಳಗೆ, ದೇವರ ಗೂಡಿನ ಪಕ್ಕದ ಕೋಣೆಯಲ್ಲಿ, ನಾಲ್ಕು ತಿಂಗಳಿಂದ! ತಲೆ ಮೇಲೆ ಹೊತ್ತು ತಂದವಳು ಯಾರು? ಹಟ್ಟಿಯ ನಡುವೆಯೇ ಮೆರೆಸಿಕೊಂಡು ತಂದವಳು? ಮಧ್ಯಾಹ್ನ ಕೂಸಿನ ಪಕ್ಕ ತಾನೂ ಅದಕ್ಕೆ ಕೆನ್ನೆ ಕೊಟ್ಟು ಎಷ್ಟು ಸಲ ನಿದ್ದೆ ಮಾಡಿದ್ದಾಳೋ, ಅದನ್ನು ನೆನೆಸಿಕೊಂಡು ಸೆರಗಿನಿಂದ ಕೆನ್ನೆಯನ್ನು ಉಜ್ಜಿ ಉಜ್ಜಿ ಒರೆಸಿಕೊಂಡಳು.

ಇಷ್ಟು ಹೊತ್ತೂ ಅವಳಿಗೆ ಕೋಳಿಯದೇ ಯೋಚನೆ. ಎದ್ದು ಬಾಯಿ ಮುಕ್ಕಳಿಸಿ ಉಗುಳಿದ ಮೇಲೆ ಇನ್ನೊಂದು ಹೊಳೆಯಿತು. ಡಾಕ್ಟರಮ್ಮ ಕೇಳಿದ್ದರು. ಹಕ್ಕಿ ಪುಕ್ಕ ಏನಾದ್ರೂ ಅಂತ ಬಾಯಿಬಿಟ್ಟು ಕೇಳಿದ್ದರು. ಎಪ್ಪತ್ತು ತಲೆಮಾರು ಅಂತ ಎದೆ ಸೆಟೆಸಿ ಹೇಳಿ ಆ ಸಾಲು ಹೊಡೆದುಹಾಕಿಸಿದವಳು ತಾನೇ. ಕೂಸಿನ ಉಸಿರು ಕಟ್ಟಿಸುತ್ತಿದ್ದದ್ದು ಕಂಬಳಿಯೂ ಅಲ್ಲ, ಆಡೂ ಅಲ್ಲ, ಇದು. ಇದರಲ್ಲಿ ಎರಡು ಹಿಡಿ ಇದ್ದರೆ ರಜಾಯಿಯಲ್ಲಿ ಮಂಕರಿ ತುಂಬ ಇದೆ. ಆ ರಜಾಯಿ ಈಗ ಮೊಳಕಾಲ್ಮೂರಿನಲ್ಲಿ ಕೂಸಿನ ಜೊತೆ ಇದೆ.

ಮೊದಲು ದುರುಗೇಶನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಡ್ಯೂಟಿಯ ಮೇಲಿದ್ದಾಗ ಗೇಟಿನವರ ಫೋನನ್ನು ಒಳಗೆ ಇಸಿದುಕೊಂಡು ಇಟ್ಟಿರುತ್ತಾರೆ, ಸಂಜೆ ಆರರ ತನಕ ಕೊಡುವುದಿಲ್ಲ. ಸರಿತಾಳಿಗೆ ಮಾಡಿದಳು. ಮೂರನೇ ರಿಂಗಿಗೆ ಎತ್ತಿದಳು.

"ಹೇಳ್ರಿ ಅತ್ತೆ. ಕೂಸಿಗೆ ಗಂಜಿ ತಿನ್ನಿಸ್ತಿದೀನಿ, ಸ್ಪೀಕರ್ ಹಾಕೀನಿ."

ಹಿಂದೆ ಯಾರೋ ಕೆಮ್ಮಿದರು. "ಯಾರಮ್ಮಾ, ಬೀಗ್ತಿನಾ?" ಎಂಬ ದೊಡ್ಡ ದನಿ. ಸರಿತಾಳ ಅಪ್ಪ ದೊಡ್ಡೀರಪ್ಪ.

ಹುಚ್ಚಕ್ಕನ ನಾಲಿಗೆ ಅಲ್ಲೇ ಅಂಟಿತು. ದೊಡ್ಡೀರಪ್ಪ ಅಂದರೆ ಸುಮ್ಮನೆ ಬೀಗನಲ್ಲ, ಅವರ ಹಟ್ಟಿಯ ದೇವರ ಪೂಜೆ ಅವನದು. ಹೋದ ವರ್ಷ ಅಲ್ಲಿಯ ಒಬ್ಬ ಹುಡುಗ ಬೈಕಿನಲ್ಲಿ ಕೋಳಿ ಬಿರಿಯಾನಿ ಪೊಟ್ಟಣ ತಂದ ಎಂದು, ದೊಡ್ಡೀರಪ್ಪ ಅವನನ್ನು ಬೆಳಿಗ್ಗೆಯಿಂದ ಸಂಜೆಯ ತನಕ ಹಟ್ಟಿಯಾಚೆ ಬಿಸಿಲಲ್ಲಿ ನಿಲ್ಲಿಸಿದ್ದ. ಆವತ್ತು ಹುಚ್ಚಕ್ಕ ಅಲ್ಲೇ ಇದ್ದಳು. ಹಂಗೇ ಆಗಬೇಕು ಇವಕ್ಕೆ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳೂ ಅವಳೇ.

"ಅತ್ತೆ? ಕೇಳಸ್ತೈತಾ?"

"ಸರಿತಾ... ಆ ರಜಾಯಿ ಐತಲ್ಲ, ಅದನ್ನ ಕೂಸಿಗೆ ಹಾಕಬ್ಯಾಡ."

"ಯಾಕೆ?"

"ಸುಮ್ನೆ. ಹಳೇದು. ಧೂಳು ಇರ್ತೈತೆ."

"ಧೂಳಾ? ನೀವೇ ತಂದಿದ್ದಲ್ವಾ? ಅದೂ ನನ್ನ ಕೈಯಾಗಿರದು ಕಣ್ಣಿಗೆ ಚುಚ್ತೈತಾ? ನಿಮ್ಮ ಕಂಬ್ಳಿ ಆಚೆ ಹಾಕಿದ್ದಕ್ಕೆ ಈಗ ಇದನ್ನ ವಾಪಸ್ ಕೇಳ್ತಿದೀರಾ?"

"ಹಂಗಲ್ಲಮ್ಮ, ನಾನು ಹೇಳದು ಕೇಳು..."

"ಕೇಳಿದ್ದು ಸಾಕು ಬಿಡ್ರಿ ಅತ್ತೆ." ಫೋನು ಕಟ್ಟಾಯಿತು.

ಹುಚ್ಚಕ್ಕ ಮತ್ತೆ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ಆಗ ಹೇಳುವ ಮಾತು ಬಾಯ ತುದಿಗೆ ಬಂದಿತ್ತು, ನುಂಗಿಕೊಂಡಿದ್ದಳು. ಥೂ ನನ್ನ ಬಾಯಿಗಿಷ್ಟು ಎಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಹೊಡೆದುಕೊಂಡರೆ ಬಂತೇನು? ಬಕೆಟ್ಟಿನದನ್ನೆಲ್ಲ ಕೋಲಿನಿಂದ ತಿಪ್ಪೆಗೆ ತಳ್ಳಿ, ಮೇಲೆ ಮಣ್ಣು ಎಳೆದು, ತಲೆಗೆ ನೀರು ಸುರಿದುಕೊಂಡು, ಬೇರೆ ಸೀರೆ ಉಟ್ಟು, ದೊಡ್ಡಉಳ್ಳಾರ್ತಿಯ ಸ್ಟಾಪಿಗೆ ಓಡುನಡಿಗೆಯಲ್ಲಿ ಹೋದಳು. ಚಿಕ್ಕಕ್ಕ ಎಲ್ಲಿಗೆ ಎಂದು ಕೇಳಿದ್ದಕ್ಕೆ ತಿರುಗಿ ಕೂಡ ನೋಡಲಿಲ್ಲ.

ಆಟೋ ತಡವಾಗಿ ಸಿಕ್ಕಿತು, ಚಳ್ಳಕೆರೆಯಲ್ಲಿ ಬಸ್ಸು ಹೊರಟದ್ದು ಇನ್ನೂ ತಡ. ಡ್ರೈವರು ಟೀ ಕುಡಿದು, ಎಲೆಯಡಿಕೆ ಹಾಕಿಕೊಂಡು, ಯಾರ ಜೊತೆಗೋ ನಕ್ಕು ಮಾತಾಡಿ ಬಂದ. ಅವನ ಅಂಗಿ ಹಿಡಿದು ಎಳೆದು ಕೂರಿಸಬೇಕು ಅನಿಸಿತು ಹುಚ್ಚಕ್ಕನಿಗೆ. ತಳಕಿನಲ್ಲಿ ಬಸ್ಸು ನಿಂತಾಗ ಮತ್ತೆ ಫೋನ್ ಮಾಡಿದಳು. ಸದ್ದಾಗಿ ಆಗಿ ನಿಂತಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಅವಳ ಮುಖ ನೋಡಿ ಕೇಳಿದಳು.

"ಯಾಕಮ್ಮ ಹಿಂಗಾಗೀಯಾ? ಯಾರಿಗೆ ಹುಷಾರಿಲ್ಲ?"

"ಮೊಮ್ಮಗಳಿಗೆ."

"ಏನಾಗೈತೆ?"

ಗೊತ್ತಿಲ್ಲದ ಹೆಂಗಸು, ಮುಂದಿನ ಊರಿನಲ್ಲಿ ಇಳಿದುಹೋಗುವವಳು. ಅವಳಿಗೂ ಹೇಳಲು ಹುಚ್ಚಕ್ಕನ ಬಾಯಿ ಏಳಲಿಲ್ಲ. "ಉಬ್ಬಸ" ಎಂದಳು. ಕಿಟಕಿಯಾಚೆ ಮುಖ ಮಾಡಿಕೊಂಡು, ತುಟಿಯಲ್ಲೇ ಆ ಎರಡು ಪದ ಆಡಿ ನೋಡಿದಳು. ಕೋಳಿ ಪುಕ್ಕ. ಕೋಳಿ ಪುಕ್ಕ. ಮೊಳಕಾಲ್ಮೂರಿನ ಬಂಡೆಗುಡ್ಡ ಕಾಣುವ ತನಕ ಆಡುತ್ತಲೇ ಇದ್ದಳು.

ದೊಡ್ಡೀರಪ್ಪನ ಮನೆಗೆ ಬೀಗ. ಎದುರುಮನೆಯ ಮೂಗಮ್ಮ ಜಗಲಿಯಿಂದಲೇ ಕೂಗಿ ಹೇಳಿದಳು.

"ಆಸ್ಪತ್ರೆಗೆ ಓಡವ್ರೆ ಕಣಮ್ಮ! ಕೂಸಿಗೆ ಉಸಿರೇ ಸಿಗ್ತಿರ್ಲಿಲ್ಲ, ತುಟಿಯೆಲ್ಲ ನೀಲಿಗಾಗಿತ್ತು. ಈಗೊಂದು ಗಂಟೆ ಆಯ್ತು."

ಹುಚ್ಚಕ್ಕ ಗೋಡೆ ಹಿಡಿದು ನಿಂತಳು, ಮತ್ತೆ ಓಡಿದಳು. ಐವತ್ತೆಂಟರ ಹೆಂಗಸು ಪೇಟೆಯ ನಡುವೆ ಸೆರಗು ಜಾರಿದ್ದೂ ಗೊತ್ತಾಗದೆ ಓಡಿದಳು. ಒಂದು ಚಪ್ಪಲಿ ಎಲ್ಲೋ ಬಿಟ್ಟುಹೋಯಿತು.

ಆಸ್ಪತ್ರೆಯ ಉದ್ದನೆ ಕೋಣೆಯಲ್ಲಿ ಐದಾರು ಮಂಚ. ಕೊನೆಯ ಮಂಚದ ಮೇಲೆ ಸರಿತಾ ಕೂತಿದ್ದಳು. ಮಡಿಲಲ್ಲಿ ಕೂಸು, ಅದರ ಮುಖದ ಅರ್ಧಕ್ಕೆ ಆವಿ ಬರುವ ಪ್ಲಾಸ್ಟಿಕ್ ಮುಸುಕು. ಹೊಟ್ಟೆ ಒಳಕ್ಕೆ ಹೋಗಿ ಹೋಗಿ ಬರುತ್ತಿತ್ತು. ಕತ್ತಿನ ತನಕ, ಬೆಚ್ಚಗಿರಲಿ ಎಂದು, ಸುತ್ತಿಟ್ಟಿದ್ದರು. ಯಾವುದರಲ್ಲಿ? ಅದೇ ಬಿಳಿ ರಜಾಯಿಯಲ್ಲಿ.

ಹುಚ್ಚಕ್ಕ ಚೀರಿಕೊಂಡು ಹೋಗಿ ಅದಕ್ಕೆ ಕೈ ಹಾಕಿದಳು.

"ತೆಗಿ! ತೆಗಿಯೇ ಅದನ್ನ!"

"ಏನ್ ಹುಚ್ಚು ಹಿಡೀತಾ ನಿಮ್ಗೆ? ಇಲ್ಲಿಗೂ ಬಂದ್ರಾ?" ಸರಿತಾ ಒಂದು ಕೈಯಲ್ಲಿ ಕೂಸನ್ನು ಅವುಚಿಕೊಂಡು, ಇನ್ನೊಂದರಲ್ಲಿ ರಜಾಯಿ ಹಿಡಿದು ಜಗ್ಗಿದಳು. ನರ್ಸು ಓಡಿಬಂದಳು. ಬಾಗಿಲಲ್ಲಿದ್ದ ದೊಡ್ಡೀರಪ್ಪ ತಮ್ಮ ಮನೆಮಾತು ತೆಲುಗಿನಲ್ಲೇ ಗದರುತ್ತ ಒಳಗೆ ಬಂದ.

"ಏಮಮ್ಮಾ ಇದಿ? ನಾಲ್ಕು ಜನ ನೋಡ್ತಾವ್ರೆ!"

"ನೋಡ್ಲಿ! ಅದ್ರಾಗೆ ಕೋಳಿ ಪುಕ್ಕ ಐತೆ!"

ಗಟ್ಟಿಯಾಗಿ ಬಂತು ಮಾತು. ಇಡೀ ವಾರ್ಡು ತಿರುಗಿ ನೋಡಿತು. ಸರಿತಾಳ ಕೈ ಸಡಿಲವಾಯಿತು. ಹುಚ್ಚಕ್ಕ ರಜಾಯಿಯನ್ನು ಕಿತ್ತುಕೊಂಡು, ಮೂಲೆಯನ್ನು ಬಾಯಿಗೆ ಹಾಕಿ, ಹೌದು, ಬಾಯಿಗೇ ಹಾಕಿ, ಹಲ್ಲಿನಿಂದ ಹೊಲಿಗೆ ಕಿತ್ತಳು. ಒಂದು ಹಿಡಿ ಈಚೆ ಎಳೆದು ದೊಡ್ಡೀರಪ್ಪನ ಮುಖದ ಮುಂದೆ ಹಿಡಿದಳು. ಫ್ಯಾನಿನ ಗಾಳಿಗೆ ನಾಲ್ಕಾರು ಹಾರಿದವು. ದೊಡ್ಡೀರಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಬೀಸಬೇಡ್ರೀ ಅದನ್ನ ಇಲ್ಲಿ!" ಎಂದು ಗಲಾಟೆ ಕೇಳಿ ಬಂದ ಅಲ್ಲಿಯ ಡಾಕ್ಟರು ಕಿರುಚಿದರು. ಚಿಕ್ಕ ವಯಸ್ಸಿನವರು, ಅವರೂ ಗಾಬರಿಯಾಗಿದ್ದರು. "ಆಚೆ, ಆಚೆ ತಗೊಂಡು ಹೋಗಿ. ಸಿಸ್ಟರ್, ಮಗುನ ಆ ರೂಮಿಗೆ. ಬಟ್ಟೆ ಎಲ್ಲ ಬದಲಾಯಿಸಿ, ಮೈ ಒರೆಸಿ. ತಾಯಿ ಸೀರೆನೂ ಬದಲಾಯಿಸಲಿ. ಎಷ್ಟು ದಿನದಿಂದ ಇದರಲ್ಲಿ ಮಲಗಿಸ್ತಿದ್ರಿ?"

"ನಾಲ್ಕು ತಿಂಗಳು ಸ್ವಾಮಿ" ಎಂದಳು ಹುಚ್ಚಕ್ಕ.

"ಹಳೇ ಪುಕ್ಕದ ಧೂಳು, ಅದರಲ್ಲಿ ಕಣ್ಣಿಗೆ ಕಾಣದ ಹುಳ ಬೇರೆ. ಇಷ್ಟು ಚಿಕ್ಕ ಮಗುಗೆ ಇಂಥ ರಜಾಯಿ, ದಿಂಬು ಯಾವುದೂ ಬೇಡ. ನೀವು ತಂದ ಚಳ್ಳಕೆರೆ ಡಾಕ್ಟರ ಚೀಟಿಯಲ್ಲಿ ಪುಕ್ಕ ಇಲ್ಲ ಅಂತ ಹೊಡೆದುಹಾಕಿದ್ದಾರಲ್ರೀ!"

ಹುಚ್ಚಕ್ಕ ರಜಾಯಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡು ಹೊರಗೆ ಹೋಗಿ, ಕಸದ ತೊಟ್ಟಿಗೆ ಹಾಕಿ, ನಲ್ಲಿಯ ಕೆಳಗೆ ಕೈ, ಬಾಯಿ, ಮುಖ ತೊಳೆದು ಬಂದಳು.

ಒಂದು ಗಂಟೆ ಅವಳನ್ನು ಒಳಗೆ ಬಿಡಲಿಲ್ಲ. ಮುಚ್ಚಿದ ಬಾಗಿಲ ಮುಂದೆ ನಿಂತೇ ಇದ್ದಳು. ಕೊನೆಗೆ ನರ್ಸು ತಲೆ ಹಾಕಿ, ಈಗ ಪರವಾಗಿಲ್ಲಮ್ಮ, ಉಸಿರು ಸರಾಗ ಆಗ್ತಿದೆ, ಇವತ್ತು ಇಲ್ಲೇ ಇರಲಿ ಎಂದಳು. ಹುಚ್ಚಕ್ಕ ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಅತ್ತು ಮುಗಿದ ಮೇಲೆ ಎದ್ದು ದೊಡ್ಡೀರಪ್ಪನ ಮುಂದೆ ಹೋಗಿ ನಿಂತಳು. ಈಗ ಆಗಬೇಕಾದದ್ದು ಆಗಿಹೋಗಲಿ ಎಂದು ಬಸ್ಸಿನಿಂದಲೇ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು.

"ಅಣ್ಣ, ತಪ್ಪಾಗೈತೆ. ಗೊತ್ತಿಲ್ದೆ ಹೊತ್ಕಂಬಂದೆ, ದೇವ್ರ ಗೂಡಿನ ಪಕ್ಕ ಇಟ್ಟೆ. ನಿಮ್ಮ ಮನೆಗೂ ಕಳಿಸ್ದೆ. ಹಟ್ಟಿ ಆಚೆ ನಿಲ್ಲು ಅಂದ್ರೆ ನಿಲ್ತೀನಿ. ಎಷ್ಟು ದಿನ ಅಂದ್ರೆ ಅಷ್ಟು ದಿನ."

ದೊಡ್ಡೀರಪ್ಪ ತನ್ನ ಟವಲ್ಲಿನ ಮೇಲೆ ಕೂತಿದ್ದ ಒಂದು ಸಣ್ಣ ಪುಕ್ಕವನ್ನು ನೋಡಿದ. ಬೆರಳಿನಿಂದ ತೆಗೆದು ಕೆಳಗೆ ಹಾಕಿದ.

"ಪೋನಿ ಲೇಮ್ಮಾ, ಹೋಗ್ಲಿ ಬಿಡು. ಮನೆಗೆ ಒಂದಿಷ್ಟು ಹಾಲು ಚಿಮುಕಿಸಿ, ತಲೆಗೆ ನೀರು ಹಾಕ್ಕಂಡ್ರೆ ಹೋಗ್ತೈತೆ. ಗೊತ್ತಿಲ್ದೆ ಆಗಿದ್ದು. ಕೂಸು ಉಳೀತಲ್ಲ, ಅಷ್ಟು ಸಾಕು."

ಅಷ್ಟೇನಾ? ಹುಚ್ಚಕ್ಕ ಅವನ ಮುಖವನ್ನೇ ನೋಡಿದಳು. ಬೆಳಿಗ್ಗೆಯಿಂದ ಯಾವುದಕ್ಕೆ ಹೆದರಿ ಅವಳ ನಾಲಿಗೆ ಸತ್ತುಹೋಗಿತ್ತೋ ಅದು ಒಂದು ಚೊಂಬು ಹಾಲಿನಲ್ಲಿ ಮುಗಿಯಿತು. ನಂಬಲಾಗಲಿಲ್ಲ ಅವಳಿಗೆ.

ಬಾಗಿಲು ತೆರೆದು ಸರಿತಾ ಹೊರಗೆ ಬಂದಳು. ಯಾರದೋ ಹಳೇ ನೈಟಿ ಹಾಕಿಕೊಂಡಿದ್ದಳು, ಅತ್ತು ಅತ್ತು ಕಣ್ಣು ಊದಿತ್ತು. ಅತ್ತೆಯ ಎದುರು ಬಂದು ನಿಂತಳು. ಬಯ್ಯುತ್ತಾಳೆ ಎಂದುಕೊಂಡಳು ಹುಚ್ಚಕ್ಕ. ಬಯ್ಯಲಿ, ಎಷ್ಟು ಬೇಕಾದರೂ ಬಯ್ಯಲಿ.

"ಅದ್ರಾಗೆ ಪುಕ್ಕ ಇರದು ಯಾವಾಗ ಗೊತ್ತಾಯ್ತು ಅತ್ತೆ?"

"ಬೆಳಿಗ್ಗೆ."

"ಫೋನ್ ಮಾಡಕ್ಕೆ ಮುಂಚೇನಾ, ಆಮೇಲಾ?"

ಹುಚ್ಚಕ್ಕ ಎಲ್ಲದಕ್ಕೂ ಸಿದ್ಧಳಾಗಿ ಬಂದಿದ್ದಳು, ಇದಕ್ಕೆ ಬಂದಿರಲಿಲ್ಲ.

"ಇಲ್ಲಿಗೆ ಬಂದು ಮೂರು ದಿನ ಕೂಸು ಚೆಂದಾಗಿತ್ತು ಅತ್ತೆ. ಗುರುಗುರುನೇ ಇರ್ಲಿಲ್ಲ. ನಮ್ಮವ್ವ ಅವಳ ಹತ್ತಿ ಸೀರೆಯಾಗೆ ಜೋಳಿಗೆ ಕಟ್ಟಿ ಮಲಗಿಸ್ತಿದ್ಲು. ಆ ರಜಾಯಿ ಚೀಲ್ದಾಗೇ ಇತ್ತು, ತೆಗ್ದೇ ಇರ್ಲಿಲ್ಲ ನಾನು. ನೀವು ಫೋನ್ ಮಾಡಿ ಹಾಕಬ್ಯಾಡ ಅಂದ್ರಲ್ಲ... ಸಿಟ್ಟು ಬಂತು. ಯಾಕೆ ಹಾಕಬಾರ್ದು ನೋಡ್ತೀನಿ ಅಂತ ಹಠಕ್ಕೆ ತೆಗೆದು ಹೊದ್ದಿಸ್ದೆ. ಅದ್ರಾಗೇ ಸುತ್ತಿ ಮಲಗಿಸ್ದೆ. ನಾನೇ."

ದೊಡ್ಡೀರಪ್ಪ ನಡುವೆ ಬಂದ. "ಆವಾಗ ಆಕೆಗೆ ಗೊತ್ತಿರಲ್ಲ ಬಿಡಮ್ಮ. ಆಮೇಲೆ ಗೊತ್ತಾಗಿರ್ತೈತೆ, ಓಡ್ಬಂದವ್ಳೆ."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಬೀಗನೇ ದಾರಿ ಮಾಡಿಕೊಟ್ಟಿದ್ದ. ಸರಿತಾ ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು, ಹೂಂ ಅನ್ನಲಿ ಎಂದೇ ಕಾಯುತ್ತಿದ್ದಂತಿತ್ತು. ಒಳಗೆ ಕೂಸು ಒಂದು ಸಲ ಕೆಮ್ಮಿತು.

"ಗೊತ್ತಿತ್ತು" ಎಂದ ಹುಚ್ಚಕ್ಕನಿಗೆ ತನ್ನ ದನಿ ತನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದಳು. "ಫೋನ್ ಮಾಡ್ದಾಗ ಗೊತ್ತಿತ್ತು ಸರಿತಾ. ಪುಕ್ಕ ನನ್ನ ಕೈ ಮ್ಯಾಲೇ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಿಮ್ಮಪ್ಪ ಕೇಳ್ತಾನೆ ಅಂತ."

ಸರಿತಾ ಅಪ್ಪನ ಕಡೆ ನೋಡಿದಳು. ದೊಡ್ಡೀರಪ್ಪ ತಲೆ ತಗ್ಗಿಸಿ ಟವಲ್ಲನ್ನು ಕೊಡವಲು ಹೋದವನು, ಕೊಡವದೆ ಕೈಯಲ್ಲೇ ಮುದುರಿಕೊಂಡ. ಸರಿತಾ ಒಳಗೆ ಹೋದಳು, ಬಾಗಿಲು ಹಾಕಿಕೊಂಡಳು. ಹುಚ್ಚಕ್ಕ ಆ ಬಾಗಿಲ ಮುಂದೆ, ಯಾರೂ ನಿಲ್ಲು ಅನ್ನದಿದ್ದರೂ, ಹೊತ್ತು ಮುಳುಗುವ ತನಕ ನಿಂತೇ ಇದ್ದಳು.